ಕಲಬುರಗಿಯ ಬಂದೇನವಾಜ: ದರ್ಗಾ ಗೊತ್ತು, ಅಲ್ಲಿರುವ ಗುರು ಗೊತ್ತೇ?

ಸೋಮವಾರ ಇಲ್ಲವೇ ಗುರುವಾರ ಬ್ಯಾಡಗಿ ಮಾರ್ಕೆಟ್ಟಿಗೆ ಬಂದವರಿಗೆ ಈ ನೋಟ ಹೊಸದಲ್ಲ. ಬೆಳಕು ಹರಿಯುವ ಮೊದಲೇ ಮೆಣಸಿನಕಾಯಿ ಚೀಲ ಹೇರಿಕೊಂಡ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಬಳ್ಳಾರಿ, ರಾಯಚೂರು ಕಡೆಯಿಂದ ಬಂದವು, ಆಂಧ್ರದಿಂದ ಬಂದವು. ಒಂದರ ಹಣೆಯ ಮೇಲೆ ಮೈಲಾರಲಿಂಗನ ಹೆಸರು, ಇನ್ನೊಂದರ ಮೇಲೆ ಮಂತ್ರಾಲಯದ ರಾಯರದು, ಮತ್ತೊಂದರ ಮೇಲೆ ಖ್ವಾಜಾ ಬಂದೇನವಾಜರದು.

ಅಲ್ಲಿ ಚೀಲ ಹೊರುವ ಹಿರಿಯರೊಬ್ಬರು ವರ್ಷಕ್ಕೊಮ್ಮೆ ಕಲಬುರಗಿ ಉರುಸಿಗೆ ಹೋಗಿಬರುತ್ತಾರೆ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ನಮ್ಮನ್ನು ಕೇಳಿದರು: "ತಮ್ಮಾ, ನೀವು ಓದಿದವರದೀರಿ. ಬಂದೇನವಾಜರು ಅಂದ್ರ ಯಾರು? ಬದುಕಿದ್ದಾಗ ಏನ್ ಕೆಲಸಾ ಮಾಡ್ತಿದ್ರು?"

ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ದರ್ಗಾ ಗೊತ್ತು, ಉರುಸು ಗೊತ್ತು, ಹರಕೆ ಗೊತ್ತು. ಬದುಕಿದ್ದಾಗ ಏನು ಮಾಡುತ್ತಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ. ಪತ್ರಿಕೋದ್ಯಮ ಓದಿದವರಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಇಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಏಳು ವರ್ಷದ ಹುಡುಗನ ಗುಳೆ

ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಹುಡುಗನಿಗೆ ಸುಮಾರು ಏಳು ವರ್ಷವಾಗಿದ್ದಾಗ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ದಖ್ಖನ್ನಿನ ದೇವಗಿರಿಗೆ ದೌಲತಾಬಾದ್ ಎಂದು ಹೆಸರಿಟ್ಟು ರಾಜಧಾನಿ ಮಾಡಲು ಹೊರಟ. ದೆಹಲಿಯ ವಿದ್ವಾಂಸರು, ಅಧಿಕಾರಿಗಳು, ಸಂತರು ಅಲ್ಲಿಗೆ ಹೋಗಬೇಕೆಂದು ಅಪ್ಪಣೆಯಾಯಿತು. 'ತುಘಲಕ್ ದರ್ಬಾರು' ಎಂದು ನಾವು ಇಂದಿಗೂ ಅನ್ನುತ್ತೇವಲ್ಲ, ಆ ಕಾಲದ ಮಾತಿದು.

ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಹುಡುಗನ ಕುಟುಂಬವೂ ಗಂಟುಮೂಟೆ ಕಟ್ಟಿತು. ಕೆಲವೇ ವರ್ಷಗಳಲ್ಲಿ ತಂದೆ ತೀರಿಕೊಂಡರು. ಅವರ ಸಮಾಧಿ ದೌಲತಾಬಾದಿನ ಹತ್ತಿರದ ಖುಲ್ದಾಬಾದಿನಲ್ಲಿದೆ. ತಂದೆಯಿಲ್ಲದ ಮಕ್ಕಳನ್ನು ಕರೆದುಕೊಂಡು ತಾಯಿ ಮತ್ತೆ ದೆಹಲಿಗೆ ಮರಳಿದಳು. ಆಗ ಹುಡುಗನಿಗೆ ಸುಮಾರು ಹದಿನೈದು ವರ್ಷ.

ಗುಳೆ ಹೋಗುವುದು, ಬರುವುದು, ದಾರಿಯಲ್ಲಿ ಮನೆಯವರನ್ನು ಕಳೆದುಕೊಳ್ಳುವುದು ನಮ್ಮ ಭಾಗದ ಜನರಿಗೆ ತಿಳಿಯದ ಕಷ್ಟವಲ್ಲ. ನಾಡೆಲ್ಲ ಕೈಮುಗಿಯುವ ಸಂತನ ಬಾಲ್ಯ ಅಂಥ ದಾರಿಯಲ್ಲೇ ಕಳೆಯಿತು.

"ಓದು ಬಿಡಬೇಡ"

ದೆಹಲಿಯಲ್ಲಿ ಆಗ ಚಿಶ್ತಿ ಪರಂಪರೆಯ ನಸೀರುದ್ದೀನ್ ಎಂಬ ದೊಡ್ಡ ಗುರು ಇದ್ದರು. ಜನ ಅವರನ್ನು 'ಚಿರಾಗ್-ಎ-ದೆಹಲಿ' ಎನ್ನುತ್ತಿದ್ದರು, ಎಂದರೆ ದೆಹಲಿಯ ದೀಪ. ಇವರು ಪ್ರಸಿದ್ಧ ನಿಜಾಮುದ್ದೀನ್ ಔಲಿಯಾರ ಶಿಷ್ಯರು. ಅವರ ತಾಳ್ಮೆಯ ಬಗ್ಗೆ ಒಂದು ಕಥೆಯಿದೆ. ಒಮ್ಮೆ ಒಬ್ಬ ಫಕೀರ ಒಳನುಗ್ಗಿ ಚಾಕುವಿನಿಂದ ಇರಿದ. ಶಿಷ್ಯರು ಅವನನ್ನು ಹಿಡಿದು ಹೊಡೆಯಲು ಹೋದಾಗ ಗುರು ತಡೆದರು. ಇರಿದವನ ಕೈಗೆ ಹಣ ಕೊಟ್ಟು ಕಳಿಸಿದರು.

ಈ ಗುರುವಿನ ಬಳಿಗೆ ತರುಣ ಸೈಯದ್ ಮುಹಮ್ಮದ್ ಹೋದ. ಉಪವಾಸ, ಜಪ, ಧ್ಯಾನ, ರಾತ್ರಿಯೆಲ್ಲ ಎಚ್ಚರ. ಮನಸ್ಸು ಪೂರ್ತಿ ವೈರಾಗ್ಯದ ಕಡೆಗೆ ತಿರುಗಿತು. ಆಗ ಅವನಿಗೆ ಇನ್ನು ಪುಸ್ತಕದ ಓದು ಬೇಡ, ಸಾಧನೆಯೊಂದೇ ಸಾಕು ಅನ್ನಿಸಿತು. ಗುರುವಿನ ಹತ್ತಿರ ಹಾಗೆಯೇ ಹೇಳಿಕೊಂಡ.

ಗುರು ಒಪ್ಪಲಿಲ್ಲ. ಓದು ಬಿಡಬೇಡ, ಹಿಡಿದ ಗ್ರಂಥಗಳನ್ನು ಗಮನವಿಟ್ಟು ಮುಗಿಸು, ನಿನ್ನಿಂದ ಆಗಬೇಕಾದ ಕೆಲಸವಿದೆ ಎಂದು ತಿಳಿಹೇಳಿದರು.

ಅವರ ಇಡೀ ಬದುಕು ತಿರುಗಿದ್ದು ಈ ಮಾತಿನ ಮೇಲೆ ಎಂದು ನಮಗೆ ಅನ್ನಿಸುತ್ತದೆ. ಹುಡುಗ ಮತ್ತೆ ಪುಸ್ತಕ ಹಿಡಿದ. ಖಾಜಿ ಅಬ್ದುಲ್ ಮುಕ್ತದಿರ್ ಎಂಬ ವಿದ್ವಾಂಸರ ಬಳಿ ಕಲಿತ. ಕುರಾನಿನ ವ್ಯಾಖ್ಯಾನ, ಪ್ರವಾದಿಯವರ ಮಾತುಗಳ ಸಂಗ್ರಹವಾದ ಹದೀಸ್, ತರ್ಕ, ವ್ಯಾಕರಣ, ಇವುಗಳ ಜೊತೆಗೆ 'ಫಿಕ್ಹ್' ಅಂದರೆ ಧರ್ಮಶಾಸ್ತ್ರ. ನಮಾಜು, ಉಪವಾಸಗಳಿಂದ ಹಿಡಿದು ಮದುವೆ, ಆಸ್ತಿ ಪಾಲು, ಸಾಲ, ವ್ಯಾಪಾರದವರೆಗೆ ಯಾವುದು ಸರಿ, ಯಾವುದು ತಪ್ಪು ಎಂದು ವಿಚಾರ ಮಾಡುವ ವಿದ್ಯೆ ಅದು. ಹೀಗೆ ಒಬ್ಬನೇ ಮನುಷ್ಯ ಶಾಸ್ತ್ರ ಬಲ್ಲ ಪಂಡಿತನೂ ಆದ, ಎಲ್ಲ ಬಿಟ್ಟ ವಿರಕ್ತನೂ ಆದ.

'ಗೇಸುದರಾಜ್' ಎಂಬ ಹೆಸರು ಬಂದದ್ದೂ ಈ ಗುರುವಿನ ಸೇವೆಯಲ್ಲೇ ಎನ್ನುತ್ತಾರೆ. ಗೇಸು ಎಂದರೆ ಕೂದಲ ಸುರುಳಿ, ದರಾಜ್ ಎಂದರೆ ಉದ್ದ. ಗುರುವಿನ ಪಲ್ಲಕ್ಕಿ ಹೊತ್ತಾಗ ಅವರ ಉದ್ದ ಕೂದಲು ಪಲ್ಲಕ್ಕಿಯಲ್ಲಿ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ಪಲ್ಲಕ್ಕಿ ಇಳಿಸಿದರೆ ಗುರುವಿಗೆ ತೊಂದರೆಯಾದೀತೆಂದು ನೋವು ತಡೆದುಕೊಂಡೇ ನಡೆದರಂತೆ. 'ಬಂದೇನವಾಜ' ಎಂಬುದು ಜನ ಕೊಟ್ಟ ಬಿರುದು. ಬಂದಾ ಎಂದರೆ ಸೇವಕ, ದೇವರ ದಾಸ. ನವಾಜ್ ಎಂದರೆ ಕೃಪೆ ತೋರುವವನು. ದಾಸರ ಮೇಲೆ ದಯೆಯಿಡುವವರು ಎಂದರ್ಥ.

1356ರಲ್ಲಿ ಗುರು ತೀರಿಕೊಂಡರು. ಆಗಿನಿಂದ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬಂದೇನವಾಜರು ದೆಹಲಿಯಲ್ಲೇ ಪಾಠ ಹೇಳಿದರು. ನಲವತ್ತರ ವಯಸ್ಸಿನಲ್ಲಿ ತಾಯಿಯ ಒತ್ತಾಯಕ್ಕೆ ಮದುವೆಯಾದರು. ಹೆಂಡತಿಯ ಹೆಸರು ರಜಾ ಖಾತೂನ್. ಆ ಹೆಸರನ್ನು ನೆನಪಿಡಿ, ಮುಂದೆ ಬರುತ್ತದೆ.

ಕೂಫಾದ ಬಟ್ಟೆ ಅಂಗಡಿ

ಅವರು ಓದಿದ ಶಾಸ್ತ್ರದ ಬೇರು ಎಲ್ಲಿಯದು ಎಂದು ಹುಡುಕುತ್ತ ಹೋದರೆ, ಆರು ನೂರು ವರ್ಷ ಹಿಂದಿನ ಇರಾಕಿನ ಒಂದು ಪೇಟೆಗೆ ಬಂದು ನಿಲ್ಲುತ್ತೇವೆ. ಬ್ಯಾಡಗಿಯವರಿಗೆ ಈ ಭಾಗ ಹಿಡಿಸುತ್ತದೆ, ಯಾಕೆಂದರೆ ಅದೂ ವ್ಯಾಪಾರದ ಊರು.

ಊರಿನ ಹೆಸರು ಕೂಫಾ. ಅಲ್ಲಿ ಅಬೂ ಹನೀಫಾ (699-767) ಎಂಬ ರೇಷ್ಮೆ ಬಟ್ಟೆಯ ವ್ಯಾಪಾರಿ ಇದ್ದರು. ಇಸ್ಲಾಮಿನ ಮೊದಲ ತಲೆಮಾರುಗಳ ದೊಡ್ಡ ಶಾಸ್ತ್ರಜ್ಞರಲ್ಲಿ ಒಬ್ಬರು. ಅವರ ಹೆಸರಿನಿಂದಲೇ 'ಹನಫಿ' ಪಂಥ ಬಂದದ್ದು. ಅಂಗಡಿಯೂ ಇತ್ತು, ಪಾಠಶಾಲೆಯೂ ಇತ್ತು, ರಾತ್ರಿಯ ಪ್ರಾರ್ಥನೆಯೂ ಇತ್ತು.

ಅವರ ಬಗ್ಗೆ ಹೇಳುವ ಒಂದು ಕಥೆ ಹೀಗಿದೆ. ಅಂಗಡಿಯ ಬಟ್ಟೆಯೊಂದರಲ್ಲಿ ದೋಷವಿತ್ತು. ಮಾರುವಾಗ ಗಿರಾಕಿಗೆ ಅದನ್ನು ತೋರಿಸಿಯೇ ಮಾರಬೇಕು ಎಂದು ಪಾಲುದಾರನಿಗೆ ಹೇಳಿಟ್ಟಿದ್ದರು. ಅವನು ಮರೆತು ಮಾರಿಬಿಟ್ಟ. ಕೊಂಡವನು ಯಾರು, ಎಲ್ಲಿಗೆ ಹೋದ ಎಂದು ಗೊತ್ತಾಗಲಿಲ್ಲ. ಅಬೂ ಹನೀಫಾ ಆ ವ್ಯಾಪಾರದಿಂದ ಬಂದ ಹಣವನ್ನೆಲ್ಲ ದಾನ ಮಾಡಿದರು. ಚೀಲದ ಮೇಲೆ ಒಳ್ಳೆ ಕಾಯಿ, ಅಡಿಯಲ್ಲಿ ತೇವದ ಕಾಯಿ ಇಟ್ಟು ಮಾರುವುದು ಏನೆಂದು ತಿಳಿದ ಊರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಥೆ ರಾಜರ ಮುಂದಿನದು. ಬಾಗ್ದಾದಿನ ಖಲೀಫ ಮನ್ಸೂರ್ ಅವರನ್ನು ಖಾಜಿ ಅಂದರೆ ನ್ಯಾಯಾಧೀಶ ಆಗು ಎಂದು ಕರೆದ. "ನಾನು ಅದಕ್ಕೆ ತಕ್ಕವನಲ್ಲ" ಎಂದರು. "ಸುಳ್ಳು ಹೇಳುತ್ತೀ" ಎಂದ ಖಲೀಫ. "ಹಾಗಾದರೆ ಸುಳ್ಳ ಎಂದು ನೀವೇ ತೀರ್ಪು ಕೊಟ್ಟಿರಿ. ಸುಳ್ಳನನ್ನು ಖಾಜಿ ಮಾಡಬಹುದೇ?" ಎಂದರಂತೆ. ರಾಜನ ಕೈಕೆಳಗೆ ಕುಳಿತರೆ ರಾಜನಿಗೆ ಬೇಕಾದ ತೀರ್ಪು ಬರೆಯಬೇಕಾಗುತ್ತದೆ ಎಂಬ ಅಳುಕು ಅವರದು. ಅದಕ್ಕಾಗಿ ಸೆರೆಮನೆ ಸೇರಿದರು, ಅಲ್ಲೇ ತೀರಿಕೊಂಡರು ಎಂದು ಹೇಳುತ್ತಾರೆ.

ಈ ಹನಫಿ ಪಂಥ ಮಧ್ಯ ಏಷ್ಯಾ ದಾಟಿ, ನೆಲದ ದಾರಿಯಲ್ಲಿ ದೆಹಲಿಗೆ ಬಂತು. ಅಲ್ಲಿಂದ ದಖ್ಖನ್ನಿಗೆ ಬಂತು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವುದು ಇದನ್ನೇ. ಘಟ್ಟ ಇಳಿದು ಭಟ್ಕಳ, ಮಂಗಳೂರಿಗೆ ಹೋದರೆ ಅಲ್ಲಿಯವರಲ್ಲಿ ಹೆಚ್ಚಿನವರು 'ಶಾಫಿ' ಪಂಥದವರು. ಅದು ಅರಬರ ಹಡಗುಗಳ ಜೊತೆ ಸಮುದ್ರದ ದಾರಿಯಲ್ಲಿ ಬಂದದ್ದು. ಒಂದೇ ಕರ್ನಾಟಕದಲ್ಲಿ ಎರಡು ಪಂಥ, ಎರಡು ದಾರಿ.

ಅಬೂ ಹನೀಫಾರ ಹೆಸರಿನಲ್ಲಿ 'ಫಿಕ್ಹ್ ಅಕ್ಬರ್' ಎಂಬ ಚಿಕ್ಕ ಪುಸ್ತಕವಿದೆ. ನಂಬಿಕೆಯ ಮೂಲತತ್ವಗಳನ್ನು ಹೇಳುವ ಪುಸ್ತಕ. ಅದಕ್ಕೆ ಬಂದೇನವಾಜರು ಟೀಕೆ ಬರೆದಿದ್ದಾರೆ. ಕೂಫಾದ ವ್ಯಾಪಾರಿಯಿಂದ ಕಲಬುರಗಿಯ ಗುರುವಿನವರೆಗೆ ಓದಿನ ಎಳೆ ಹೀಗೆ ಬಂದಿದೆ.

ಎಪ್ಪತ್ತೇಳರ ವಯಸ್ಸಿನಲ್ಲಿ ಮತ್ತೆ ಗುಳೆ

1398ರ ಡಿಸೆಂಬರ್. ಮಧ್ಯ ಏಷ್ಯಾದ ತೈಮೂರನ ದಂಡು ದೆಹಲಿಯ ಬಾಗಿಲಿಗೆ ಬಂತು. ಪಟ್ಟಣ ಕೊಳ್ಳೆಯಾಗುವ ಹೊತ್ತಿಗೆ ಬಂದೇನವಾಜರು ಕುಟುಂಬ, ಶಿಷ್ಯರ ಜೊತೆ ಊರು ಬಿಟ್ಟಿದ್ದರು. ಆಗ ವಯಸ್ಸು 77. ಹುಡುಗನಾಗಿದ್ದಾಗ ರಾಜನ ಅಪ್ಪಣೆಗೆ ಹೊರಟಿದ್ದ ದಾರಿಗೆ ಮುದಿತನದಲ್ಲಿ ಯುದ್ಧದ ಭಯಕ್ಕೆ ಮತ್ತೆ ಬಂದರು.

ಗ್ವಾಲಿಯರ್, ಚಂದೇರಿ, ಗುಜರಾತಿನ ಬರೋಡಾ, ಖಂಬಾಯತ್. ಅಲ್ಲಿಂದ ದೌಲತಾಬಾದ್, ತಂದೆಯ ಸಮಾಧಿ. ಕೊನೆಗೆ ಆಳಂದದ ಮೇಲೆ ಕಲಬುರಗಿ. ದಾರಿಯುದ್ದಕ್ಕೂ ನಿಂತಲ್ಲೆಲ್ಲ ಪಾಠ, ಪ್ರವಚನ. ಶಿಷ್ಯ ಮುಹಮ್ಮದ್ ಅಲಿ ಸಾಮಾನಿ ಮುಂದೆ 'ಸಿಯರೆ ಮುಹಮ್ಮದಿ' ಎಂಬ ಪಾರಸಿ ಗ್ರಂಥದಲ್ಲಿ ಗುರುವಿನ ಬದುಕನ್ನು ಬರೆದಿಟ್ಟ. ಬಂದೇನವಾಜರ ಬಗ್ಗೆ ನಮಗೆ ಇಷ್ಟು ಗೊತ್ತಿರುವುದು ಇಂಥ ಶಿಷ್ಯರು ಬರೆದದ್ದರಿಂದ. ಅವರ ಹಿರಿಯ ಮಗ ಅಕ್ಬರ್ ಹುಸೇನಿ ತಂದೆಯ ಮಾತುಗಳನ್ನು ಬರೆದುಕೊಂಡು 'ಜವಾಮಿ ಉಲ್ ಕಲಿಮ್' ಎಂಬ ಗ್ರಂಥ ಮಾಡಿದ. ಆ ಮಗ ತಂದೆಗಿಂತ ಮೊದಲೇ ತೀರಿಕೊಂಡ.

ಎಂಬತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಹೊಸ ನಾಡಿನಲ್ಲಿ ಹೊಸದಾಗಿ ಪಾಠಶಾಲೆ ತೆರೆದ. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿದ.

ರಾಜನೂ ಪಂಡಿತ, ಗುರುವೂ ಪಂಡಿತ

ಕಲಬುರಗಿ ಆಗ ಬಹಮನಿ ರಾಜ್ಯದ ರಾಜಧಾನಿ. ಪಟ್ಟದಲ್ಲಿದ್ದವನು ಫಿರೋಜ್ ಷಾ (1397-1422). ಇವನು ಸಾಮಾನ್ಯ ರಾಜನಲ್ಲ. ಹಲವು ಭಾಷೆ ಬಲ್ಲವನು. ಗಣಿತ, ಖಗೋಳ, ತರ್ಕದಲ್ಲಿ ಆಸಕ್ತಿ. ದೌಲತಾಬಾದಿನ ಬಳಿ ನಕ್ಷತ್ರ ನೋಡುವ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ವಾರದಲ್ಲಿ ಮೂರು ದಿನ ತಾನೇ ಪಾಠ ಹೇಳುತ್ತಿದ್ದ ಎಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ.

ಬಂದೇನವಾಜರು ಬಂದಾಗ ರಾಜ ಗೌರವದಿಂದಲೇ ಬರಮಾಡಿಕೊಂಡ. ಆದರೆ ಮಾತಾಡಿದ ಮೇಲೆ, ಇವರಿಗೆ ತರ್ಕ, ಶಾಸ್ತ್ರಗಳ ಜ್ಞಾನ ಸಾಲದು ಎಂದುಕೊಂಡನಂತೆ. ಗುರುವಿನ ಮಾತಿಗೆ ಕಟ್ಟುಬಿದ್ದು ಜೀವಮಾನವಿಡೀ ಓದಿದವರಿಗೆ ಸಿಕ್ಕ ಮರ್ಯಾದೆ ಅದು.

ರಾಜನ ತಮ್ಮ ಅಹ್ಮದನಿಗೆ ಹಾಗನ್ನಿಸಲಿಲ್ಲ. ಅವನು ಗುರುವಿಗೆ ಖಾನ್ಕಾ ಕಟ್ಟಿಸಿದ. ಖಾನ್ಕಾ ಎಂದರೆ ನಮ್ಮ ಮಠದ ಹಾಗೆ. ಪಾಠ, ಊಟ, ವಸತಿ, ಬಂದವರ ಕಷ್ಟಸುಖ ಕೇಳುವುದು ಎಲ್ಲ ಅಲ್ಲೇ. ಅಹ್ಮದ ತಾನೇ ಬಂದು ಪಾಠ ಕೇಳುತ್ತಿದ್ದ. ಅಲ್ಲಿ ಹೇಳುತ್ತಿದ್ದದ್ದು ಹೆಚ್ಚಾಗಿ ಹದೀಸ್ ಮತ್ತು ಸೂಫಿ ಸಾಧನೆಯ ಪಾಠ, ಆಗಾಗ ಫಿಕ್ಹ್.

ಜನ ಮುಗಿಬಿದ್ದರು. ಖಾನ್ಕಾ ಕೋಟೆಯ ಹತ್ತಿರವೇ ಇತ್ತು. ಕೋಟೆಯ ಬಳಿ ಇಷ್ಟು ಜನ ಸೇರುವುದು ಸರಿಯಲ್ಲ, ಊರ ಹೊರಗೆ ಹೋಗಬೇಕು ಎಂದು ಅರಮನೆಯಿಂದ ಮಾತು ಬಂತು. ಬಂದೇನವಾಜರು ವಾದ ಮಾಡಲಿಲ್ಲ, ಜಾಗ ಬಿಟ್ಟು ಎದ್ದರು. ಹೊಸದಾಗಿ ನೆಲೆಸಿದ ಜಾಗದಲ್ಲೇ ಇಂದಿನ ದರ್ಗಾ ಇದೆ.

ನಮ್ಮ ಬಂಕಾಪುರದ ಸುದ್ದಿ

ಈ ಕಥೆಯಲ್ಲಿ ನಮ್ಮ ಜಿಲ್ಲೆಯೂ ಇದೆ.

ಹಾವೇರಿಯಿಂದ ಹುಬ್ಬಳ್ಳಿ ಕಡೆ ಹೋಗುವಾಗ ಬಂಕಾಪುರ ಸಿಗುತ್ತದೆ. ಈಗ ನಾವು ಅಲ್ಲಿಗೆ ಹೋಗುವುದು ನವಿಲು ನೋಡಲು, ಕೋಟೆಯೊಳಗಿನ ನಗರೇಶ್ವರ ಗುಡಿಯ ಕಂಬ ನೋಡಲು. ಆ ಕಾಲದಲ್ಲಿ ಅದು ವಿಜಯನಗರದವರ ಬಲವಾದ ಕೋಟೆ. 1406ರ ಸುಮಾರಿಗೆ ಫಿರೋಜ್ ಷಾನಿಗೂ ವಿಜಯನಗರದ ಒಂದನೇ ದೇವರಾಯನಿಗೂ ಯುದ್ಧವಾಯಿತು. ಸಂಧಿಯ ಹೊತ್ತಿಗೆ ದೇವರಾಯ ತನ್ನ ಮಗಳನ್ನು ಫಿರೋಜನಿಗೆ ಕೊಟ್ಟು ಮದುವೆ ಮಾಡಿದ, ಬಂಕಾಪುರವನ್ನು ವರದಕ್ಷಿಣೆಯಾಗಿ ಬಿಟ್ಟುಕೊಟ್ಟ ಎಂದು ಫರಿಶ್ತಾ ಬರೆದಿದ್ದಾನೆ.

ಅಂದರೆ ಬಂದೇನವಾಜರು ಕಲಬುರಗಿಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಮ್ಮ ಈ ನೆಲ ಎರಡು ರಾಜ್ಯಗಳ ಗಡಿ. ದಂಡು ಹೋಗುವ, ದಂಡು ಬರುವ ದಾರಿ. ಆಗ ಇಲ್ಲಿ ಮೆಣಸಿನಕಾಯಿಯೂ ಇರಲಿಲ್ಲ. ಅದು ಪೋರ್ಚುಗೀಸರು ಬಂದ ಮೇಲೆ ಅಮೆರಿಕದಿಂದ ಬಂದ ಬೆಳೆ. ಆಗ ಬೆಳೆದದ್ದು ಜೋಳವಿರಲಿ, ಹತ್ತಿ ಇರಲಿ, ದಂಡಿನ ಕಾಲಿಗೆ ಸಿಕ್ಕಿದರೆ ಹೋದಂತೆ.

ಮುಂದೆ ಪಾನಗಲ್ ಕೋಟೆಯ ಮುತ್ತಿಗೆಯಲ್ಲಿ ಫಿರೋಜ್ ಸೋತ. ಆ ಸೋಲಿನಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ.

ಆಶೀರ್ವಾದ ಕೊಡಲಾರೆ ಎಂದಾಗ

ಫಿರೋಜನಿಗೆ ತನ್ನ ಮಗ ಹಸನ್ ರಾಜನಾಗಬೇಕೆಂಬ ಆಸೆ. ಅವನನ್ನು ಯುವರಾಜನನ್ನಾಗಿ ಮಾಡಿ, ಬಂದೇನವಾಜರ ಆಶೀರ್ವಾದ ಕೇಳಿದ. ಊರ ಜನ ನಂಬುವ ಗುರು ಒಂದು ಮಾತು ಹೇಳಿದರೆ ಪಟ್ಟ ಗಟ್ಟಿಯಾಗುತ್ತದೆ ಎಂಬ ಲೆಕ್ಕ. ಚುನಾವಣೆ ಬಂದಾಗ ಮಠ, ದರ್ಗಾ, ಗುಡಿಗಳಿಗೆ ಯಾರು ಯಾಕೆ ಓಡುತ್ತಾರೆ ಎಂದು ನಾವೂ ನೋಡಿದ್ದೇವಲ್ಲ.

ಗುರು ಒಪ್ಪಲಿಲ್ಲ. ನೀವು ಆರಿಸಿದ ಮೇಲೆ ಬಡವನ ಆಶೀರ್ವಾದ ಯಾಕೆ ಬೇಕು ಎಂಬ ಧಾಟಿಯಲ್ಲಿ ಉತ್ತರ ಕೊಟ್ಟರು. ಮತ್ತೆ ಒತ್ತಾಯಿಸಿದಾಗ, ನಿಮ್ಮ ನಂತರ ಪಟ್ಟ ತಮ್ಮ ಅಹ್ಮದನಿಗೆ ಎಂದು ವಿಧಿ ಬರೆದಾಗಿದೆ ಎಂದುಬಿಟ್ಟರು. ಈ ಕಥೆ ಫರಿಶ್ತಾನಲ್ಲಿದೆ.

ಇದನ್ನು ಭವಿಷ್ಯವಾಣಿ ಎಂದು ನಂಬುವವರು ನಂಬಲಿ. ಅಹ್ಮದ ಅವರ ಶಿಷ್ಯನೇ ಆಗಿದ್ದನಲ್ಲ, ಅದೂ ಒಂದು ಪಕ್ಷವೇ ಎನ್ನುವವರು ಹಾಗೆನ್ನಲಿ. ಎರಡನೆಯ ಮಾತನ್ನು ನಾವೂ ತಳ್ಳಿಹಾಕುವುದಿಲ್ಲ. ಗುರು ಪೂರ್ತಿ ರಾಜಕೀಯದ ಹೊರಗಿದ್ದರು ಎನ್ನಲಾಗದು. ಆದರೆ ಆಳುವ ದೊರೆ ಎದುರಿಗೆ ಕೇಳಿದಾಗ 'ಆಗಲಿ' ಎನ್ನುವುದು ಸುಲಭ. 'ಆಗದು' ಎಂದವರು ಆ ದಿನ ಏನನ್ನೂ ಗಳಿಸಲಿಲ್ಲ, ಅರಮನೆಯ ಸಿಟ್ಟನ್ನೇ ಕಟ್ಟಿಕೊಂಡರು. ಕೂಫಾದ ಬಟ್ಟೆ ವ್ಯಾಪಾರಿಯ ನೆನಪು ನಮಗೆ ಬಂದದ್ದು ಇಲ್ಲೇ.

1422ರ ಸೆಪ್ಟೆಂಬರಿನಲ್ಲಿ ಅಹ್ಮದ ಪಟ್ಟವೇರಿದ. ಅಕ್ಟೋಬರಿನಲ್ಲಿ ಫಿರೋಜ್ ಸತ್ತ. ನವೆಂಬರ್ 1ರಂದು ಬಂದೇನವಾಜರೂ ಕಣ್ಣು ಮುಚ್ಚಿದರು. ವಯಸ್ಸು ನೂರು ದಾಟಿತ್ತು. ಕೆಲವೇ ವರ್ಷಗಳಲ್ಲಿ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಕಲಬುರಗಿಯಿಂದ ರಾಜರು ಹೋದರು, ಗುರು ಉಳಿದರು.

ಫೋಟೊದಲ್ಲಿ ಹಿಡಿಯದ ಮುಖ

ಸಂತರೆಂದ ಕೂಡಲೇ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವ ಅಭ್ಯಾಸ ನಮ್ಮದು. ಭಾವೈಕ್ಯದ ಹರಿಕಾರ ಎಂದು ಬ್ಯಾನರಿನಲ್ಲಿ ಬರೆದರೆ ಕೆಲಸ ಮುಗಿಯಿತು. ಬಂದೇನವಾಜರು ಆ ಬ್ಯಾನರಿನಲ್ಲಿ ಸುಲಭವಾಗಿ ಹಿಡಿಯುವವರಲ್ಲ.

ಅವರು ಶಾಸ್ತ್ರದ ವಿಷಯದಲ್ಲಿ ಬಿಗಿ. ಸೂಫಿ ಸಾಧನೆ ಮಾಡುವವನು ಶರೀಯತ್ ಅಂದರೆ ಧರ್ಮದ ಕಟ್ಟಳೆ ಬಿಟ್ಟು ನಡೆಯಬಾರದು ಎಂಬುದು ಅವರ ಗಟ್ಟಿ ನಿಲುವು. ದೊಡ್ಡ ಸೂಫಿ ಚಿಂತಕ ಇಬ್ನ್ ಅರಬಿಯನ್ನೇ ಟೀಕಿಸಿದವರು. ಸಂಸ್ಕೃತದ ಗ್ರಂಥಗಳನ್ನು ತಿಳಿದುಕೊಂಡಿದ್ದರು, ಬ್ರಾಹ್ಮಣ ಪಂಡಿತರ ಜೊತೆ ವಾದ ಮಾಡುತ್ತಿದ್ದರು. ಆ ವಾದ ಗೆಲ್ಲಬೇಕೆಂದೇ ಮಾಡಿದ ವಾದ, ತಮ್ಮ ಧರ್ಮದ ಕಡೆ ಅವರನ್ನು ತರಬೇಕೆಂಬ ಆಸೆಯಿಂದ ಮಾಡಿದ್ದು. ಇದನ್ನು ಮುಚ್ಚಿಡಬೇಕಾಗಿಲ್ಲ.

ಆದರೂ ಎದುರಿನವನ ಪುಸ್ತಕ ಓದಿ ವಾದಕ್ಕೆ ಕುಳಿತರು ಎಂಬುದನ್ನು ಮರೆಯಬಾರದು. ಓದದೇ ಜಗಳಕ್ಕೆ ಬರುವವರು ವಾಟ್ಸಾಪಿನಲ್ಲಿ ತುಂಬಿರುವ ಕಾಲ ಇದು.

ಸಂಗೀತದ ವಿಷಯದಲ್ಲೂ ಅವರದು ಎರಡೂ ಕಡೆ ನೋಡುವ ಸ್ವಭಾವ. ಚಿಶ್ತಿ ಪರಂಪರೆಯಲ್ಲಿ ಹಾಡು ಕೇಳುತ್ತ ದೇವರ ಧ್ಯಾನ ಮಾಡುವ 'ಸಮಾ' ಇದೆ. ಶಾಸ್ತ್ರ ಓದಿದ ಹಲವರು ಅದನ್ನು ಒಪ್ಪುತ್ತಿರಲಿಲ್ಲ. ಬಂದೇನವಾಜರು ಕಟ್ಟುನಿಟ್ಟಿನ ನಿಯಮ ಹಾಕಿಕೊಂಡು ಸಮಾ ನಡೆಸಿದರು. ಪಾರಸಿ ಹಾಡಿನ ಜೊತೆಗೆ ಜನರ ಮಾತಾದ ಹಿಂದವಿಯ ಹಾಡೂ ಅವರಿಗೆ ಪ್ರಿಯ. ಹಿಂದವಿ ಮೃದು, ಮನಸ್ಸಿಗೆ ನೇರ ತಾಕುತ್ತದೆ ಎಂಬ ಅರ್ಥದ ಅವರ ಮಾತು ಮಗ ಬರೆದಿಟ್ಟ ಗ್ರಂಥದಲ್ಲಿದೆ.

ಉಳಿದದ್ದು ಏನು?

ಒಂದು, ಆಸ್ತಿ. ಅಹ್ಮದ್ ಷಾ ಗುರುವಿನ ಮನೆತನಕ್ಕೆ ಊರುಗಳನ್ನು ಉಂಬಳಿ ಬಿಟ್ಟ. ರಾಜರಿಂದ ದೂರವಿರಬೇಕು, ಜಮೀನು ಒಲ್ಲೆ ಎನ್ನಬೇಕು ಎಂಬುದು ಹಳೆಯ ಚಿಶ್ತಿ ಗುರುಗಳ ನಡೆ. ಅದೇ ಪರಂಪರೆಯ ವಿರಕ್ತನ ಮನೆತನ ಜಮೀನುದಾರ ಮನೆತನವಾಯಿತು. ಮಠಗಳ ಇತಿಹಾಸ ಬಲ್ಲ ನಮ್ಮ ಊರಿನವರಿಗೆ ಇದು ವಿಚಿತ್ರವೆನಿಸದು.

ಎರಡು, ಹಾಡು. ಮುಂದಿನ ಶತಮಾನಗಳಲ್ಲಿ ವಿಜಯಪುರ ಭಾಗದ ಸೂಫಿಗಳು ದಖನಿ ಮಾತಿನಲ್ಲಿ 'ಚಕ್ಕಿನಾಮಾ' ಬರೆದರು. ಚಕ್ಕಿ ಎಂದರೆ ಬೀಸುವ ಕಲ್ಲು. ಹೆಂಗಸರು ಹಿಟ್ಟು ಬೀಸುತ್ತ ಹಾಡುವ ಪದಗಳು, ಥೇಟ್ ನಮ್ಮ ಬೀಸುವ ಪದಗಳ ಹಾಗೆ. ದೇವರು, ಗುರು, ಧರ್ಮದ ಪಾಠ ಎಲ್ಲ ಅದರೊಳಗೆ. ಪುಸ್ತಕ ಓದದ ತಾಯಂದಿರಿಗೆ ಪಾಠ ತಲುಪಿದ್ದು ಈ ದಾರಿಯಲ್ಲಿ. 'ಮೇರಾಜುಲ್ ಆಶಿಕೀನ್' ಎಂಬ ಹಳೆಯ ದಖನಿ ಗದ್ಯವನ್ನು ಬಂದೇನವಾಜರೇ ಬರೆದರೆಂದು ಬಹಳ ಕಾಲ ಹೇಳುತ್ತಿದ್ದರು. ವಿದ್ವಾಂಸರು ಈಗ ಆ ಮಾತನ್ನು ಪ್ರಶ್ನಿಸಿದ್ದಾರೆ. ಅದೇನೇ ಇರಲಿ, ಗುರುವಿನ ಪಾಠ ಜನರ ಮಾತಿಗೆ ಇಳಿಯಬೇಕೆಂಬ ಹಂಬಲ ದಖ್ಖನ್ನಿನಲ್ಲಿ ಬೇರುಬಿಟ್ಟಿತು. ನಮ್ಮ ಜಿಲ್ಲೆಯ ಶಿಶುನಾಳ ಷರೀಫರು (1819-1889) ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಕನ್ನಡದಲ್ಲಿ ತತ್ವಪದ ಹಾಡಿದ್ದು ಬೇರೆಯೇ ದಾರಿ. ಆದರೆ ಷರೀಫರನ್ನು ಕೇಳಿ ಬೆಳೆದ ನಮಗೆ ಚಕ್ಕಿನಾಮಾ ಪರಕೀಯ ಅನ್ನಿಸುವುದಿಲ್ಲ.

ಮೂರು, ಉರುಸು. ಹಿಜರಿ ಪಂಚಾಂಗದ ಜುಲ್ಕಾದ ತಿಂಗಳ 15ರಿಂದ 17ರವರೆಗೆ ಮೂರು ದಿನ. ಅದು ಚಂದ್ರನ ಪಂಚಾಂಗವಾದ್ದರಿಂದ ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಗಂಧದ ಮೆರವಣಿಗೆ, ಕವ್ವಾಲಿ, ಎಲ್ಲ ಜಾತಿಯ ಜನ. ನಮ್ಮ ಕಡೆಯಿಂದ ಹೋದವರು ಅದೇ ಊರಿನ ಶರಣಬಸವೇಶ್ವರರ ಗುಡಿಗೂ ಹೋಗಿ ಕಾಯಿ ಒಡೆಸಿಕೊಂಡು ಬರುತ್ತಾರೆ. ಬಿಗಿ ಶಾಸ್ತ್ರದ ಗುರುವಿನ ಬಾಗಿಲಿಗೆ ಶಾಸ್ತ್ರದ ಲೆಕ್ಕವಿಡದ ಜನ ಬರುತ್ತಾರೆ. ಇದು ಜನ ಕಟ್ಟಿದ ಪರಂಪರೆ.

ನಾಲ್ಕು, ಓದು. ಇದನ್ನು ಕೊನೆಗೆ ಇಟ್ಟುಕೊಂಡೆವು. ಕಲಬುರಗಿಯಲ್ಲಿ ಬಂದೇನವಾಜರ ಹೆಸರಿನಲ್ಲಿ ಈಗ ವಿಶ್ವವಿದ್ಯಾಲಯವಿದೆ. ವೈದ್ಯಕೀಯ, ಎಂಜಿನಿಯರಿಂಗ್ ಓದಿಗೆ ಎಲ್ಲ ಧರ್ಮದ ಮಕ್ಕಳೂ ಹೋಗುತ್ತಾರೆ. ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ಪದವಿ ಕಾಲೇಜಿದೆ. ಅದರ ಹೆಸರು ಬೀಬಿ ರಜಾ ಕಾಲೇಜು. ನೆನಪಿದೆಯಲ್ಲ, ರಜಾ ಖಾತೂನ್. ಆರು ನೂರು ವರ್ಷದ ಹಿಂದೆ ಗಂಡನ ಜೊತೆ ದೆಹಲಿಯ ಮನೆ ಕಟ್ಟಿದ ಆ ತಾಯಿಯ ಹೆಸರು ಇಂದು ಹುಡುಗಿಯರ ಅಂಕಪಟ್ಟಿಯ ಮೇಲಿದೆ.

ಎರಡು ಗುಮ್ಮಟ

ಮುಂದಿನ ಸಲ ಕಲಬುರಗಿಗೆ ಹೋದವರು ಒಂದು ಕೆಲಸ ಮಾಡಿ. ದರ್ಗಾ ನೋಡಿದ ಮೇಲೆ 'ಹಫ್ತ್ ಗುಂಬಜ್' ಎಂಬಲ್ಲಿಗೂ ಹೋಗಿಬನ್ನಿ. ಬಹಮನಿ ಸುಲ್ತಾನರ ಗೋರಿಗಳ ಸಾಲು ಅದು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು, ಫಿರೋಜ್ ಷಾನದು. ಗಾರೆಯ ಕೆತ್ತನೆ ಸೊಗಸಾಗಿದೆ. ಅಷ್ಟು ಓದಿದ ರಾಜ, ಅಷ್ಟು ದೊಡ್ಡ ಗುಮ್ಮಟ. ಅಲ್ಲಿಗೆ ಹರಕೆ ಹೊತ್ತು ಬರುವವರಿಲ್ಲ, ನೋಡಲು ಬರುವವರೂ ಕಡಿಮೆ. ಇತ್ತ ಅವನು ಊರ ಹೊರಗೆ ಕಳಿಸಿದ ಗುರುವಿನ ಬಾಗಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ದರ್ಗಾದಲ್ಲಿ ಪರೀಕ್ಷೆ ಪಾಸಾಗಲಿ ಎಂದು ದಾರ ಕಟ್ಟುವವರನ್ನು ಕಂಡಿದ್ದೇವೆ. ನಮ್ಮ ಊರುಗಳಲ್ಲಿ ಮೆಣಸಿನಕಾಯಿ ಬಿಡಿಸುವ ಹಂಗಾಮು ಬಂದರೆ ಶಾಲೆಯ ಬೆಂಚು ಖಾಲಿಯಾಗುವುದನ್ನೂ ಕಂಡಿದ್ದೇವೆ. ಹಂಗಾಮು ಮುಗಿದರೂ ಕೆಲವು ಮಕ್ಕಳು ಮರಳುವುದಿಲ್ಲ. ನಮ್ಮ ಬಳಗದಲ್ಲೂ ಓದು ಸಾಕು ಎಂದು ಒಮ್ಮೆ ಕೂತವರಿದ್ದಾರೆ, ಯಾರೋ ಹಿರಿಯರು ಬೈದು ಮತ್ತೆ ಕಳಿಸಿದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದಾರೆ. ದಾರ ಕಟ್ಟುವವರು ಕಟ್ಟಲಿ. ಜೊತೆಗೆ, ಆ ಗೋರಿಯೊಳಗಿನ ಮನುಷ್ಯನಿಗೆ ಅವನ ಗುರು ಹೇಳಿದ್ದು ಓದು ಬಿಡಬೇಡ ಎಂದು ಎಂಬುದೂ ಗೊತ್ತಿರಲಿ.

ಮೊನ್ನೆ ಗುರುವಾರ ಮಾರ್ಕೆಟ್ಟಿನಲ್ಲಿ ಆ ಹಿರಿಯರು ಮತ್ತೆ ಸಿಕ್ಕರು. ಉತ್ತರ ತಂದೇವಿ ಕಾಕಾ ಎಂದೆವು. "ಬಂದೇನವಾಜರು ಸಾಲಿ ಮಾಸ್ತರ ಇದ್ರು. ನೂರು ವರ್ಷ ಆಗೂತನಾ ಓದಿದ್ರು, ಓದಿಸಿದ್ರು."

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ನಕ್ಕರು. "ಅಂದ್ರ ಇಷ್ಟ ದಿನಾ ನಾವು ಮಾಸ್ತರ ಮನಿಗಿ ಹೋಗಿ ಬರಾಕತ್ತೀವಿ ಅಂದಂಗಾತು" ಎಂದರು. ಆಮೇಲೆ ಚೀಲ ಎತ್ತಲು ಹೊರಟರು.